ಟ್ಯಾಬ್ ಕೊಟ್ಟರೆ ಸಾಲದಾ?

ನಿರಾಶ್ರಿತರ ಶಿಬಿರಗಳ ಕಲಿಕೆಯ ಮಾತು ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಇದನ್ನೇ: 'ಪಾಠವೆಲ್ಲ ಫೋನಿನಲ್ಲೇ ಸಿಗುತ್ತಲ್ಲ, ಒಂದು ಟ್ಯಾಬ್ ಕೊಟ್ಟರೆ ಸಾಲದಾ? ಕೊಟ್ಟರೂ ಅರ್ಧಕ್ಕೇ ಬಿಡುತ್ತಾರೆ ಅಂದರೆ ಓದುವ ಆಸೆಯೇ ಇಲ್ಲ ಅಂತ ಅಲ್ವಾ?'

ಆಸೆ ಇದೆ. ಓದಿದ್ದು ಎಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಗೊತ್ತಿಲ್ಲ, ಅಷ್ಟೇ. ಕೀನ್ಯಾದ ಕಾಕುಮಾ ಶಿಬಿರ ಶುರುವಾಗಿದ್ದು 1992ರಲ್ಲಿ. ಅಲ್ಲೇ ಹುಟ್ಟಿ, ಅಲ್ಲೇ ದೊಡ್ಡವರಾದವರಿದ್ದಾರೆ. ಶಾಲೆಯ ಚೌಕಟ್ಟಿನ ಹೊರಗೆ ಒಂದು ಕೋರ್ಸ್ ಮುಗಿಸಿದರೆ, ಆ ಕಾಗದವನ್ನು ಯಾರು ಒಪ್ಪುತ್ತಾರೆ? ಈ ಪ್ರಶ್ನೆ ತಲೆಯಲ್ಲಿ ಕೂತ ಮೇಲೆ ಒಬ್ಬರೇ ಪರದೆ ನೋಡುತ್ತಾ ಎಷ್ಟು ದಿನ ಓದಲಾಗುತ್ತದೆ?

ಬಾಂಗ್ಲಾದೇಶದ ಕಾಕ್ಸ್ ಬಜಾರ್ ನೋಡಿ. 2017ರ ಆಗಸ್ಟ್ ನಂತರ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾಗಳು ಮ್ಯಾನ್ಮಾರ್ ಬಿಟ್ಟು ಬಂದರು. ಬಾಂಗ್ಲಾದ ಪಠ್ಯ ಕಲಿಸಲು ಅಲ್ಲಿನ ಸರ್ಕಾರ ಬಿಡಲಿಲ್ಲ. ಮ್ಯಾನ್ಮಾರ್ ಪಠ್ಯ ಪ್ರಾಯೋಗಿಕವಾಗಿ ಶುರುವಾಗುವಷ್ಟರಲ್ಲಿ 2021 ಮುಗಿಯುತ್ತಾ ಬಂದಿತ್ತು. 2019ರ ಸೆಪ್ಟೆಂಬರ್‌ನಿಂದ ಸುಮಾರು ಒಂದು ವರ್ಷ ಶಿಬಿರಗಳಲ್ಲಿ ಮೊಬೈಲ್ ಇಂಟರ್ನೆಟ್‌ಗೂ ತಡೆ. ನಡುವೆ ಕೋವಿಡ್ ಬಂದು ಕಲಿಕಾ ಕೇಂದ್ರಗಳೂ ಮುಚ್ಚಿದವು. ಆನ್‌ಲೈನೂ ಇಲ್ಲ, ಕೋಣೆಯೂ ಇಲ್ಲ. ಆ ಮಕ್ಕಳಿಗೆ ಹುಮ್ಮಸ್ಸಿಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇದಕ್ಕೆ ನನಗೆ ಕಾಣುವ ದಾರಿ ಮಿಶ್ರ ಕಲಿಕೆ, ಅಂದರೆ ಸ್ವಲ್ಪ ಪರದೆಯಲ್ಲಿ, ಸ್ವಲ್ಪ ಎದುರುಬದುರು ಕೂತು ಕಲಿಯುವುದು. ಪರದೆಯ ಭಾಗ ಖಂಡಿತ ಬೇಕು. ನೀರಿಗೆ, ರೇಷನ್‌ಗೆ ಸಾಲಿನಲ್ಲಿ ನಿಲ್ಲುವವರಿಗೆ ದಿನಾ ಒಂದೇ ಹೊತ್ತಿಗೆ ತರಗತಿಗೆ ಬರಲಾಗುವುದಿಲ್ಲ. ಕೇಂದ್ರದಲ್ಲೇ ಪಾಠ ಇಳಿಸಿಕೊಂಡು ಹೋದರೆ ಡೇಟಾ ಖರ್ಚೂ ಉಳಿಯುತ್ತದೆ. ಆದರೆ ಮರುದಿನ ಕೈಹಿಡಿದು ಕರೆತರುವುದು ಎದುರುಬದುರು ಕೂರುವ ಆ ಕೋಣೆಯೇ. 'ಯಾಕಮ್ಮಾ, ಮೊನ್ನೆ ಬರಲಿಲ್ಲ?' ಅಂತ ಕೇಳುವವರು ಅಲ್ಲಿರುತ್ತಾರೆ. ಎಷ್ಟೋ ಕಡೆ ಹಾಗೆ ಕೇಳುವವರೂ ನಿರಾಶ್ರಿತರೇ. ತಡೆ ಎಲ್ಲಿದೆ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ವೊಡಾಫೋನ್ ಫೌಂಡೇಶನ್ 2013ರಲ್ಲಿ ಕೀನ್ಯಾದ ದದಾಬ್ ಶಿಬಿರದಲ್ಲಿ ಶುರು ಮಾಡಿದ ಯೋಜನೆಯಲ್ಲಿ ಟ್ಯಾಬ್, ಇಂಟರ್ನೆಟ್, ಕರೆಂಟಿನ ಜೊತೆ ಶಿಕ್ಷಕರ ತರಬೇತಿಯೂ ಇದೆ. ಅದು ಸುಮ್ನೆ ಸೇರಿಸಿದ್ದಲ್ಲ.

ಕೀನ್ಯಾದ ಶಿಬಿರಗಳಲ್ಲಿ ಕಲಿಸುವ ನಿರಾಶ್ರಿತ ಶಿಕ್ಷಕರಿಗೆ ಪೂರ್ತಿ ಸಂಬಳವಿಲ್ಲ, ಪ್ರೋತ್ಸಾಹಧನ ಅಂತ ಕೊಡುತ್ತಾರೆ. ಅದು ಸ್ಥಳೀಯ ಶಿಕ್ಷಕರ ಸಂಬಳಕ್ಕಿಂತ ಎಷ್ಟೋ ಕಡಿಮೆ. ಟ್ಯಾಬ್ ಕೊಡಿಸಲು ಹೊರಟವರಿಗೆ ನಾನು ಹೇಳುವುದಿಷ್ಟು: ನಾಲ್ಕು ಟ್ಯಾಬ್ ಕಡಿಮೆ ಕೊಳ್ಳಿ, ಆ ದುಡ್ಡನ್ನು ಈ ಶಿಕ್ಷಕರಿಗೆ ಕೊಡಿ.