ಯುಗಾದಿಯ ಹಿಂದಿನ ದಿನ ಆಗಸ್ಟಾದಲ್ಲಿ: ಮಾಸ್ಟರ್ಸ್ ಅಭ್ಯಾಸದ ದಿನಕ್ಕೆ ಹೋಗುವವರಿಗೆ

ಅಪ್ಪನಿಗೆ ಗಾಲ್ಫ್ ಗೊತ್ತಿಲ್ಲ. ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಹಾಸನದಲ್ಲಿರುವ ಅವರು 2024ರ ವಸಂತದಲ್ಲಿ ಅಟ್ಲಾಂಟಾದ ನಮ್ಮ ಮನೆಗೆ ಬಂದಿದ್ದರು. ಜಾರ್ಜಿಯಾ ರಾಜ್ಯದ ಆಗಸ್ಟಾ ಊರಿನಲ್ಲಿ ನಡೆಯುವ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿಯ ಆ ವರ್ಷದ ಅಭ್ಯಾಸದ ದಿನಕ್ಕೆ ನನಗೆ ಎರಡು ಟಿಕೆಟ್ ಸಿಕ್ಕಿತ್ತು. ಆಟ ಬಲ್ಲ ಗೆಳೆಯನನ್ನು ಕರೆದೊಯ್ಯಲೋ ಅಪ್ಪನನ್ನೋ ಎಂದು ಎರಡು ದಿನ ಯೋಚಿಸಿದೆ. ಅಪ್ಪನನ್ನೇ ಕರೆದುಕೊಂಡು ಹೋದೆ. ಊರಿನಿಂದ ತಂದೆ ತಾಯಿ ಬಂದಿರುವಾಗ ಏಪ್ರಿಲ್‌ನಲ್ಲಿ ಎಲ್ಲಿಗೆ ಹೋಗೋಣ ಎಂದು ಯೋಚಿಸುವ ನಮ್ಮವರು ಇಲ್ಲಿ ಬಹಳ ಜನ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಟಿಕೆಟ್ ವಿಷಯ. ಆಗಸ್ಟಾ ನ್ಯಾಷನಲ್ ಕ್ಲಬ್ ಸಾರ್ವಜನಿಕರಿಗೆ ಕೊಡುವ ದಿನದ ಟಿಕೆಟ್ ಲಾಟರಿಯಲ್ಲೇ ಸಿಗಬೇಕು. ಹಿಂದಿನ ವರ್ಷದ ಜೂನ್‌ನಲ್ಲಿ ಮಾಸ್ಟರ್ಸ್‌ನ ಅಧಿಕೃತ ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಜುಲೈ ಹೊತ್ತಿಗೆ ಉತ್ತರ ಬರುತ್ತದೆ. ಅರ್ಜಿಗೆ ದುಡ್ಡಿಲ್ಲ. ಅರ್ಜಿದಾರರಿಗೆ 21 ವರ್ಷ ಆಗಿರಬೇಕು, ಒಬ್ಬರಿಗೆ ಒಂದೇ ಅರ್ಜಿ. ಸೋಮವಾರದಿಂದ ಬುಧವಾರದವರೆಗೆ ಅಭ್ಯಾಸ, ಗುರುವಾರದಿಂದ ಭಾನುವಾರದವರೆಗೆ ಪಂದ್ಯ. ನಾವು ಹೋದ ವರ್ಷ ಅಭ್ಯಾಸದ ದಿನಕ್ಕೆ ತಲಾ 100 ಡಾಲರ್ ಇತ್ತು. ನನಗೆ ಸಿಕ್ಕಿದ್ದು ಆರನೇ ವರ್ಷದ ಪ್ರಯತ್ನದಲ್ಲಿ. ಸಿಗದಿದ್ದರೆ ಮುಂದಿನ ಜೂನ್‌ಗೆ ಕಾಯಿರಿ, ಮರುಮಾರಾಟದವರ ಹತ್ತಿರ ಹೋಗಬೇಡಿ. ಬೇರೆಯವರಿಂದ ಕೊಂಡ ಟಿಕೆಟನ್ನು ಕ್ಲಬ್ ಮಾನ್ಯ ಮಾಡುವುದಿಲ್ಲ. ದೊಡ್ಡ ಮೊತ್ತ ಕೊಟ್ಟು, ವಯಸ್ಸಾದವರನ್ನು ಜೊತೆಗೆ ಕರೆದುಕೊಂಡು ಹೋಗಿ ಗೇಟಿನಲ್ಲಿ ನಿಲ್ಲುವುದು ಬೇಡ.

ಯಾವ ದಿನ ಒಳ್ಳೆಯದು? ಸೋಮವಾರ ಕೆಲವು ಆಟಗಾರರು ಇನ್ನೂ ಊರಿಗೇ ಬಂದಿರುವುದಿಲ್ಲ. ನಾವು ಹೋದ ಹಿಂದಿನ ದಿನವಷ್ಟೇ ಅಕ್ಷಯ್ ಭಾಟಿಯಾ ಎಂಬ ಆಟಗಾರ ಟೆಕ್ಸಾಸ್ ಓಪನ್ ಗೆದ್ದು ಮಾಸ್ಟರ್ಸ್‌ನ ಕೊನೆಯ ಜಾಗ ಗಿಟ್ಟಿಸಿಕೊಂಡಿದ್ದರು. ಮಂಗಳವಾರ ಹೆಚ್ಚುಕಡಿಮೆ ಎಲ್ಲರೂ ಅಂಗಳದಲ್ಲಿರುತ್ತಾರೆ. ಬುಧವಾರ 9 ಹೋಲ್‌ಗಳ (ಹೋಲ್ ಎಂದರೆ ಚೆಂಡು ಹೊಡೆಯುವ ಜಾಗದಿಂದ ಅದು ಬೀಳಬೇಕಾದ ಕುಳಿಯವರೆಗಿನ ದಾರಿ) ಚಿಕ್ಕ ಅಂಗಳದಲ್ಲಿ ಪಾರ್ 3 ಸ್ಪರ್ಧೆ, ಅಂದರೆ ಪ್ರತಿ ಹೋಲ್ ಮೂರು ಹೊಡೆತದಲ್ಲಿ ಮುಗಿಸಬೇಕಾದ ಆಟ. 1960ರಿಂದ ನಡೆಯುತ್ತಿರುವ ಇದರಲ್ಲಿ ಆಟಗಾರರ ಪುಟ್ಟ ಮಕ್ಕಳೇ ಬಿಳಿ ಮೇಲಂಗಿ ತೊಟ್ಟು ಕ್ಯಾಡಿಗಳಾಗುತ್ತಾರೆ, ಅಂದರೆ ಆಟಗಾರನ ಕೋಲುಗಳ ಚೀಲ ಹೊರುವವರು. ಮಕ್ಕಳೊಂದಿಗೆ ಹೋಗುವವರಿಗೆ ಬುಧವಾರ ಚೆನ್ನ, ಆದರೆ ಮಧ್ಯಾಹ್ನದ ಹೊತ್ತಿಗೆ ದೊಡ್ಡ ಅಂಗಳ ಖಾಲಿಯಾಗಿಬಿಡುತ್ತದೆ. ನಾನು ಆರಿಸುವುದಾದರೆ ಮಂಗಳವಾರ. ನಮಗೆ ಸಿಕ್ಕಿದ್ದು ಸೋಮವಾರ, ಏಪ್ರಿಲ್ 8. ಅದೂ ಅಮಾವಾಸ್ಯೆ, ಸೂರ್ಯಗ್ರಹಣ ಬೇರೆ. ಮರುದಿನ ಯುಗಾದಿ.

ಆ ವಾರ ಆಗಸ್ಟಾದಲ್ಲಿ ಹೋಟೆಲ್ ಬಾಡಿಗೆ ಕೇಳುವಂತಿರುವುದಿಲ್ಲ. ಅಟ್ಲಾಂಟಾದಿಂದ ಐ-20 ಹೆದ್ದಾರಿಯಲ್ಲಿ ಸುಮಾರು 145 ಮೈಲಿ, ಬೆಳಗ್ಗೆ ಹೋಗಿ ರಾತ್ರಿ ಬಂದುಬಿಡಬಹುದು. ಬೇರೆ ಊರುಗಳಿಂದ ಬರುವವರು ಅಟ್ಲಾಂಟಾದಲ್ಲೋ ದಕ್ಷಿಣ ಕ್ಯಾರೊಲಿನಾದ ಕೊಲಂಬಿಯಾದಲ್ಲೋ ಉಳಿದುಕೊಂಡರೆ ಸಾಕು. ನಾವು ನಾಲ್ಕೂವರೆಗೆ ಮನೆ ಬಿಟ್ಟೆವು. ವಾಹನ ನಿಲ್ಲಿಸಲು ಕ್ಲಬ್ಬಿನದೇ ದೊಡ್ಡ ಜಾಗವಿದೆ, ಪೂರ್ತಿ ಉಚಿತ. ಹೊರಗೆ ರಸ್ತೆಬದಿಯಲ್ಲಿ ಫಲಕ ಹಿಡಿದು ಕರೆಯುವವರಿಗೆ ದುಡ್ಡು ಕೊಡಬೇಕಾಗಿಲ್ಲ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಹಾಗಾಗಿ ಕಾರಿನಲ್ಲೇ ಕೂತು ಚಪಾತಿ, ಚಟ್ನಿಪುಡಿ, ಮೊಸರನ್ನ ಮುಗಿಸಿದೆವು. ಸಸ್ಯಾಹಾರಿಗಳು ಇದನ್ನು ಖಂಡಿತ ಮಾಡಬೇಕು. ಒಳಗೆ ಸಿಗುವ ಪ್ರಸಿದ್ಧ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್ ಒಂದೂವರೆ ಡಾಲರ್, ರುಚಿಯಾಗಿದೆ. ಹಸಿರು ಹೊದಿಕೆಯಲ್ಲಿ ಸುತ್ತಿ ಕೊಡುತ್ತಾರೆ. ಆದರೆ ಅದರಲ್ಲಿ ಮೇಯನೇಸ್ ಇರುತ್ತದೆ, ಮೇಯನೇಸ್ ಎಂದರೆ ಮೊಟ್ಟೆ. ಮೊಟ್ಟೆ ಮುಟ್ಟದ ಅಪ್ಪ ಚಿಪ್ಸ್, ಹಣ್ಣು, ಕಾಫಿಯಲ್ಲೇ ದಿನ ಕಳೆದರು. ಇನ್ನೊಂದು ಮಾತು: ಒಳಗೆ ನೋಟು ನಡೆಯುವುದಿಲ್ಲ, ಕಾರ್ಡ್ ಬೇಕು. ಹಿರಿಯರ ಕೈಯಲ್ಲಿ ಬರೀ ನೂರರ ನೋಟು ಕೊಟ್ಟು ಕಳಿಸಬೇಡಿ.

ಮೊಬೈಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊಬೈಲ್ ಒಳಗೆ ಒಯ್ಯುವಂತಿಲ್ಲ. ಸಿಕ್ಕಿಬಿದ್ದರೆ ಹೊರಗೆ ಕಳಿಸುತ್ತಾರೆ, ಮುಂದೆ ಟಿಕೆಟ್ ಸಿಗುವ ಆಸೆಯನ್ನೂ ಬಿಡಬೇಕು. ಕಾರಿನಲ್ಲೇ ಇಟ್ಟುಬಿಡಿ. ಆದರೆ ಮೊಬೈಲ್ ಜೊತೆಗೆ ನಮ್ಮ ಅಭ್ಯಾಸಗಳೂ ಕಾರಿನಲ್ಲಿ ಉಳಿದುಬಿಡುತ್ತವೆ ಎನ್ನುವುದು ನನಗೆ ಹೊಳೆದಿರಲಿಲ್ಲ. ಒಳಗೆ ಹೋದ ಅರ್ಧ ಗಂಟೆಗೆ ನಾನು ಅಂಗಡಿಯ ಸಾಲಿನಲ್ಲಿ ನಿಂತೆ, ಅಪ್ಪ ಶೌಚಾಲಯಕ್ಕೆ ಹೋದರು. ಎಲ್ಲಿ ಸೇರಬೇಕು ಎಂದು ಮಾತಾಡಿಕೊಂಡಿರಲಿಲ್ಲ. ನಾನು ಹೊರಗೆ ಬಂದಾಗ ಅಪ್ಪ ಇರಲಿಲ್ಲ. ಆ ಜನಸಾಗರದಲ್ಲಿ ಎಪ್ಪತ್ತೊಂದರ ಅಪ್ಪನನ್ನು ಹುಡುಕುತ್ತಾ ಐವತ್ತು ನಿಮಿಷ ಅಲೆದೆ. ನನ್ನ ನಂಬರ್ ಅವರಿಗೆ ಬಾಯಿಪಾಠ ಇಲ್ಲ, ಇದ್ದರೂ ನನ್ನ ಮೊಬೈಲ್ ಕಾರಿನಲ್ಲಿತ್ತು. ಕೊನೆಗೆ ಮೊದಲ ಹೋಲ್ ಪಕ್ಕದ ದೊಡ್ಡ ಸ್ಕೋರ್ ಫಲಕದ ಬುಡದಲ್ಲಿ ಸಿಕ್ಕರು. "ನೀನು ಹುಡುಕ್ತೀಯ ಅಂತ ಗೊತ್ತಿತ್ತು ಕಣೋ, ಅದಕ್ಕೇ ಎತ್ತರದ ವಸ್ತು ನೋಡ್ಕೊಂಡು ಅಲ್ಲಾಡದೆ ನಿಂತೆ" ಅಂದರು. ನೀವು ಈ ತಪ್ಪು ಮಾಡಬೇಡಿ. ಒಳಗೆ ಕಾಲಿಟ್ಟ ತಕ್ಷಣ ಒಂದು ಗುರುತಿನ ಜಾಗ, ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಎಲ್ಲರ ಕೈಗೂ ಗಡಿಯಾರ ಕಟ್ಟಿಸಿ. ಕಾರು ನಿಲ್ಲಿಸಿದ ಸಾಲು, ಮನೆಯಲ್ಲಿರುವ ಯಾರದಾದರೂ ಫೋನ್ ನಂಬರ್ ಚೀಟಿಯಲ್ಲಿ ಬರೆದು ಹಿರಿಯರ ಜೇಬಿಗಿಡಿ. ಅಂಗಳದಲ್ಲಿ ಅಲ್ಲಲ್ಲಿ ಉಚಿತ ಫೋನ್‌ಗಳ ಸಾಲು ಇದೆ, ಮನೆಗೆ ಕರೆ ಮಾಡಿ ಸುದ್ದಿ ಮುಟ್ಟಿಸಬಹುದು.

ಕ್ಯಾಮೆರಾಗೆ ಮಾತ್ರ ಅಭ್ಯಾಸದ ಮೂರು ದಿನ ಅನುಮತಿ ಇದೆ. ಗುರುವಾರದಿಂದ ಅದೂ ಇಲ್ಲ. ಬೀರುವಿನಲ್ಲಿ ಬಿದ್ದಿರುವ ಹಳೆಯ ಡಿಜಿಟಲ್ ಕ್ಯಾಮೆರಾ ಇದ್ದರೆ ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ.

ಇನ್ನು ಅಂಗಳ. ಟಿವಿಯಲ್ಲಿ ಇದು ಚಪ್ಪಟೆ ಹುಲ್ಲುಗಾವಲಿನಂತೆ ಕಾಣುತ್ತದೆ. ನಿಜದಲ್ಲಿ ಏರಿಳಿತದ ಜಾಗ. 10ನೇ ಹೋಲ್‌ನ ಇಳಿಜಾರಿನಲ್ಲಿ ನಿಂತಾಗ ಸಕಲೇಶಪುರದ ತೋಟದ ದಾರಿ ನೆನಪಾಯಿತು. ಇಳಿದದ್ದನ್ನೆಲ್ಲ ಸಂಜೆ ಹತ್ತಬೇಕು. ಮಂಡಿನೋವಿನವರು ಹದಿನೆಂಟೂ ಹೋಲ್ ಸುತ್ತುವ ಹಟ ಬಿಡಿ, ಎರಡು ಮೂರು ಕಡೆ ಕೂತು ನೋಡಿ. ಚೂಪು ಕಾಲಿಲ್ಲದ, ತೋಳಿಲ್ಲದ ಮಡಚುವ ಕುರ್ಚಿ ಒಯ್ಯಬಹುದು.

ಅಪ್ಪನಿಗೆ ಆಟಕ್ಕಿಂತ ಮಣ್ಣು ಹಿಡಿಸಿತು. 1930ರ ದಶಕದ ಆರಂಭದಲ್ಲಿ ಕ್ಲಬ್ಬಿನ ಸ್ಥಾಪಕರಾದ ಬಾಬಿ ಜೋನ್ಸ್ ಮತ್ತು ಕ್ಲಿಫರ್ಡ್ ರಾಬರ್ಟ್ಸ್ ಈ ಅಂಗಳ ಕಟ್ಟುವ ಮೊದಲು ಇಲ್ಲಿ ಫ್ರೂಟ್‌ಲ್ಯಾಂಡ್ ಎಂಬ ಸಸ್ಯಕ್ಷೇತ್ರ ಇತ್ತು. ಅದರ ಗುರುತಾಗಿ ಪ್ರತಿ ಹೋಲ್‌ಗೂ ಒಂದು ಗಿಡದ ಹೆಸರು. ಗೇಟಿನ ಬಳಿ ಕೊಡುವ ಉಚಿತ ಕೈಪಿಡಿಯಲ್ಲಿ ಹೆಸರುಗಳಿವೆ, ಅದನ್ನು ಅಪ್ಪ ದಿನವಿಡೀ ಕೈಯಿಂದ ಬಿಡಲಿಲ್ಲ. 10ನೆಯದು ಕಮೀಲಿಯಾ, "ನಮ್ಮ ಚಹಾ ಗಿಡದ ಕುಲ". 5ನೆಯದು ಮ್ಯಾಗ್ನೋಲಿಯಾ, "ಸಂಪಿಗೆಯ ಅಣ್ಣತಮ್ಮ". 8ನೆಯದಕ್ಕೆ ಹಳದಿ ಮಲ್ಲಿಗೆ ಎಂದು ಹೆಸರು, ಅದು ಮಲ್ಲಿಗೆಯ ಜಾತಿಯೇ ಅಲ್ಲ, ವಿಷದ ಬಳ್ಳಿ ಎಂದು ತಿದ್ದಿದರು. ಗಿಡಗಳ ಬುಡಕ್ಕೆ ಹಾಸಿದ್ದ ಪೈನ್ ಎಲೆಯ ಹೊದಿಕೆಯನ್ನು ಬಗ್ಗಿ ಮುಟ್ಟಿ ನೋಡಿದರು. ಒಂದು ಗ್ರೀನ್ (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಹತ್ತಿರ ನೆಲದಡಿಯಿಂದ ಗುಂಯ್ ಎಂಬ ಸದ್ದು ಕೇಳಿಸಿತು. ಬೇರಿನ ಮಟ್ಟದಲ್ಲಿ ಗಾಳಿಯಾಡಿಸಿ ತೇವ ಹೀರುವ ಯಂತ್ರ ಅದು. ಬೇಸಿಗೆಯಲ್ಲಿ ಕ್ಲಬ್ ತಿಂಗಳುಗಟ್ಟಲೆ ಮುಚ್ಚಿರುತ್ತದೆ, ಚಳಿಗಾಲಕ್ಕೆ ಹೊಸದಾಗಿ ರೈ ಹುಲ್ಲಿನ ಬೀಜ ಬಿತ್ತುತ್ತಾರೆ ಎಂದು ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನೆ ಆ ಹುಲ್ಲನ್ನೇ ನೋಡಿದರು.

ಅಭ್ಯಾಸದ ದಿನ ಅಂಕ ಇಲ್ಲ, ಆತುರ ಇಲ್ಲ. ಒಬ್ಬನೇ ಆಟಗಾರ ಒಂದೇ ಜಾಗದಿಂದ ನಾಲ್ಕು ಚೆಂಡು ಹೊಡೆಯುತ್ತಾನೆ. ಧ್ವಜ ಇರುವ ಕಡೆಯನ್ನು ಬಿಟ್ಟು, ಭಾನುವಾರ ಕುಳಿ ಎಲ್ಲಿರಬಹುದೋ ಅಲ್ಲಿಗೆ ಚೆಂಡು ಉರುಳಿಸುತ್ತಾನೆ. ಕ್ಯಾಡಿಯೊಂದಿಗೆ ಅವನು ಆಡುವ ಮಾತು ನಮಗೆ ಕೇಳಿಸುತ್ತದೆ. ಆಟ ಗೊತ್ತಿಲ್ಲದವರಿಗೆ ಆಟ ಅರ್ಥವಾಗುವುದು ಇದೇ ದಿನ. 12ನೇ ಹೋಲ್‌ನಲ್ಲಿ ಮೊದಲ ಹೊಡೆತ ಹೊಡೆಯುವ ಜಾಗದ ಹಿಂದಿನ ಮೆಟ್ಟಿಲಾಸನದಲ್ಲಿ ಕೂತು ಒಂದೂವರೆ ಗಂಟೆ ನೋಡಿದೆವು. ಬರೀ 155 ಗಜ, ಮುಂದೆ ರೇಸ್ ಕ್ರೀಕ್ ಎಂಬ ತೊರೆ. 11, 12, 13ರ ಈ ಮೂಲೆಗೆ ಆಮೆನ್ ಕಾರ್ನರ್ ಎಂಬ ಹೆಸರು ಬಂದದ್ದು 1958ರಲ್ಲಿ. ಒಬ್ಬ ಹೊಡೆದ ಚೆಂಡು ಸರಿಯಾಗಿ ಬಿತ್ತು, ಮರುಗಳಿಗೆ ಅದೇ ಕೋಲಿನಲ್ಲಿ ಹೊಡೆದದ್ದು ನೀರಿಗೆ. "ಗಾಳಿ ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ ಬೀಸ್ತಿದೆ, ಮರದ ತುದಿ ನೋಡು" ಅಂದರು ಅಪ್ಪ. ವರ್ಷಗಳಿಂದ ಟಿವಿಯಲ್ಲಿ ಈ ಹೋಲ್ ನೋಡುತ್ತಿದ್ದ ನಾನು ಮರದ ತುದಿ ನೋಡಿರಲಿಲ್ಲ.

16ನೇ ಹೋಲ್ ಮಾತ್ರ ತಪ್ಪಿಸಿಕೊಳ್ಳಬೇಡಿ. ಕೆರೆಯ ಆಚೆ ಗ್ರೀನ್. ಆಟಗಾರರು ಕ್ರಮದ ಹೊಡೆತ ಮುಗಿಸಿದ ಮೇಲೆ ಜನ "ಸ್ಕಿಪ್, ಸ್ಕಿಪ್" ಎಂದು ಕೂಗುತ್ತಾರೆ. ಆಟಗಾರ ನೀರಂಚಿಗೆ ಬಂದು, ನಾವು ಚಿಕ್ಕಂದಿನಲ್ಲಿ ಕೆರೆಯಲ್ಲಿ ಬಿಲ್ಲೆಕಲ್ಲು ಎಸೆದು ಕಪ್ಪೆ ಹಾರಿಸುತ್ತಿದ್ದ ಹಾಗೆ ಚೆಂಡನ್ನು ನೀರಿನ ಮೇಲೆ ಕುಪ್ಪಳಿಸುತ್ತಾನೆ. 2009ರಲ್ಲಿ ವಿಜಯ್ ಸಿಂಗ್, 2012ರಲ್ಲಿ ಮಾರ್ಟಿನ್ ಕೈಮರ್ ಹೀಗೆ ಕುಪ್ಪಳಿಸಿದ ಚೆಂಡು ನೇರ ಕುಳಿಗೇ ಹೋಗಿತ್ತು. ನಾವು ನೋಡಿದ ಮೂರರಲ್ಲಿ ಎರಡು ಮುಳುಗಿದವು. ಮೂರನೆಯದು ದಡ ಹತ್ತಿದಾಗ ಅಪ್ಪ ಎದ್ದು ನಿಂತು ಚಪ್ಪಾಳೆ ಹೊಡೆದರು.

ಅಲ್ಲಿದ್ದಾಗಲೇ ಗ್ರಹಣ ಹಿಡಿಯಿತು. ಕ್ಲಬ್ಬಿನವರು ಎಲ್ಲರಿಗೂ ಗ್ರಹಣದ ಕನ್ನಡಕ ಹಂಚಿದ್ದರು, ಮೇಲೆ ಮಾಸ್ಟರ್ಸ್ ಚಿಹ್ನೆ. ಮೂರು ದಾಟುವ ಹೊತ್ತಿಗೆ ಸೂರ್ಯನ ಮುಕ್ಕಾಲು ಭಾಗ ಮುಚ್ಚಿ, ಹುಲ್ಲಿನ ಮೇಲೆ ಬಿಸಿಲು ಮಂಕಾಯಿತು. ಎಲ್ಲರ ತಲೆಯೂ ಮೇಲೆ, ಯಾರ ಕೈಯಲ್ಲೂ ಮೊಬೈಲ್ ಇಲ್ಲ. ಅಪ್ಪ ಕನ್ನಡಕ ಹಾಕಿ ನೋಡಿದರು, ಆಮೇಲೆ ಕಣ್ಣುಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡರು. ಮೋಕ್ಷ ಆಗುವವರೆಗೂ ನೀರು ಸಹ ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಬಿಳಿ ಕೂದಲಿನ ಅಜ್ಜಿಯೊಬ್ಬರು ಯಾಕೆಂದು ಕೇಳಿದರು. ನಾನು ವಿವರಿಸಿದೆ. ಅವರು ತೆಗೆದಿದ್ದ ಐಸ್‌ಕ್ರೀಮ್ ಸ್ಯಾಂಡ್‌ವಿಚ್ಚನ್ನು ಅಪ್ಪನಿಗೆ ಕಾಣದಂತೆ ಆ ಕಡೆ ತಿರುಗಿ ತಿಂದರು.

ಅಂಗಡಿಯ ಬಗ್ಗೆ: ಇಲ್ಲಿನ ಟೋಪಿ, ಅಂಗಿ ಬೇರೆಲ್ಲೂ ಮಾರುವುದಿಲ್ಲ, ಹಾಗಾಗಿ ಬೆಳಗಿನ ಸಾಲು ಉದ್ದ. ಬೆಳಗಿನ ಹೊತ್ತನ್ನು ಆಟ ನೋಡಲು ಇಟ್ಟುಕೊಳ್ಳಿ. ಸಂಜೆ ಹೋದರೆ ಕೆಲವು ಅಳತೆ ಸಿಗದಿರಬಹುದು, ಅಷ್ಟೇ.

ಮಳೆಯ ಮಾತೂ ಹೇಳಬೇಕು. ಮರುವರ್ಷ, 2025ರ ಸೋಮವಾರದ ಅಭ್ಯಾಸಕ್ಕೆ ಹೋದವರನ್ನು ಬಿರುಗಾಳಿ ಮಳೆಯಿಂದಾಗಿ ಮಧ್ಯಾಹ್ನಕ್ಕೆ ಮೊದಲೇ ಹೊರಗೆ ಕಳಿಸಿದರು. ಹವಾಮಾನ ನೋಡಿಕೊಂಡು ಬೆಳಗ್ಗೆ ಬೇಗನೆ ಒಳಗೆ ಹೋಗಿ, ಮುಖ್ಯವಾಗಿ ನೋಡಬೇಕಾದ್ದನ್ನು ಮೊದಲು ನೋಡಿಬಿಡಿ.

ಮನೆ ಸೇರಿದಾಗ ರಾತ್ರಿ ಒಂಬತ್ತೂವರೆ. ಅಪ್ಪ ನೇರ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿ, ಆಮೇಲೆ ಅನ್ನ ಸಾರು ಉಂಡರು. ಬೆಳಗ್ಗೆ ಬೇವು ಬೆಲ್ಲ ಕೈಗೆ ಹಾಕಿಸಿಕೊಂಡು, ಹಾಸನದಲ್ಲಿದ್ದ ಅತ್ತೆಗೆ ಹಬ್ಬದ ಫೋನ್ ಮಾಡಿದರು. ಪಂದ್ಯದ ಹೆಸರು ಅವರಿಗೆ ನೆನಪಿಗೆ ಬರಲಿಲ್ಲ. "ಹನ್ನೆರಡನೇ ಗಿಡದ ಹತ್ರ ಗಾಳಿ ಎರಡು ಥರ ಬೀಸುತ್ತೆ ಕಣಮ್ಮ" ಎಂದು ಶುರುಮಾಡಿದರು.