‘ಸೈಕಲ್ಲಿಗೆ ಎಷ್ಟು ಬಿತ್ತು?’ ಅಂತ ಕೇಳುವ ಎಲ್ಲರಿಗೂ

22 ಸಾವಿರ ರೂಪಾಯಿ.

ಕುಮಟಾ ಪೇಟೆಯಲ್ಲಿ, ಮಿರ್ಜಾನದ ಚಾ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಾ ಕಡೆ ಕೇಳುವುದು ಇದೊಂದೇ. ಹೇಳಿದ ಮೇಲೆ ಬರುವ ಮಾತೂ ನನಗೆ ಬಾಯಿಪಾಠ. "ಅಷ್ಟು ದುಡ್ಡಿಗೆ ಹಳೇ ಸ್ಕೂಟಿ ಬರ್ತಿತ್ತಲ್ಲ!" ಬರ್ತಿತ್ತು. ನನಗೆ ಸ್ಕೂಟಿ ಬೇಕಿರಲಿಲ್ಲ.

ಬೆಂಗಳೂರಿನಿಂದ ಬರುವ ಗೆಳೆಯರದು ಇನ್ನೊಂದು ರಾಗ. "ಬರೀ 22 ಸಾವಿರದ ರೋಡ್ ಬೈಕಾ? ಸಮುದ್ರದ ಗಾಳಿಗೆ ಎಷ್ಟು ದಿನ ತಾಳುತ್ತೆ?" ರೋಡ್ ಬೈಕ್ ಅಂದರೆ ಡಾಂಬರು ರಸ್ತೆಗೆಂದೇ ಮಾಡಿದ ತೆಳು ಟೈರಿನ ಸೈಕಲ್. ಊರವರಿಗೆ ಇದು ದುಬಾರಿ, ಇವರಿಗೆ ಅಗ್ಗ. ಬಗ್ಗಿ ಚೈನ್ ನೋಡಿದವರು ಎರಡೂ ಕಡೆ ಇಲ್ಲ.

ಒಮ್ಮೆ ಕತಗಾಲದ ಹತ್ತಿರ ಹಿಂದಿನ ಚಕ್ರದ ಗಾಳಿ ಹೋಯಿತು. ಶಿರಸಿ ಕಡೆ ಹೊರಟಿದ್ದೆ. ದೇವಿಮನೆ ಘಟ್ಟ ಇನ್ನೂ ಮುಂದಿತ್ತು. ಸೈಕಲ್ ತಲೆಕೆಳಗು ಮಾಡಿ ಟೈರ್ ಬಿಚ್ಚುತ್ತಿರುವಾಗ ಒಬ್ಬರು ಸ್ಕೂಟರ್ ನಿಲ್ಲಿಸಿ ಬಂದರು. ಬಂದವರೇ ಮೊದಲು ಕೇಳಿದ್ದು, "ಎಷ್ಟ್ ಬಿತ್ತು ಮಾರಾಯ್ರೆ ಇದಕ್ಕೆ?"

ಹೇಳಿದೆ. ಅವರು ನನ್ನ ಮಸಿ ಕೈ ನೋಡಿದರು. "ಅಷ್ಟು ಕೊಟ್ಟೂ ನೀವೇ ಕೂತು ಪಂಚರ್ ತೆಗೀಬೇಕಾ?"

ಈ ಮಾತು ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ. ಕೈ ಮಸಿಯಾದರೆ ಪಾಪ ಅನ್ನಬೇಕಾ? ತನ್ನ ವಸ್ತುವನ್ನು ತಾನೇ ಬಿಚ್ಚಿ ಜೋಡಿಸುವವನನ್ನು ಕಂಡು ಯಾಕೆ ಕನಿಕರ? ನನಗೆ ಸೈಕಲ್ಲಿನ ಅರ್ಧ ಖುಷಿ ಇರುವುದೇ ಅಲ್ಲಿ.

ನಾನು ಟೈರಿನ ಒಳಗೆ ಬೆರಳಾಡಿಸುತ್ತಿದ್ದೆ. ಅವರಿಗೆ ಅವಸರ. "ಹೊಸ ಟ್ಯೂಬ್ ಇದೆಯಲ್ಲ, ಹಾಕಿ ಹೊರಡಿ." ಹೊರಡಬಹುದಿತ್ತು, ಆದರೆ ಸ್ವಲ್ಪ ದೂರದಲ್ಲೇ ಹೊಸ ಟ್ಯೂಬೂ ತೂತಾಗುತ್ತಿತ್ತು. ಕೊನೆಗೆ ಬೆರಳಿಗೆ ಚುಚ್ಚಿತು. ಕೂದಲಿನಷ್ಟು ತೆಳು ತಂತಿ. ಲಾರಿ ಟೈರ್ ಒಡೆದಾಗ ಅದರೊಳಗಿನ ಉಕ್ಕಿನ ತಂತಿ ಚೂರು ಚೂರಾಗಿ ರಸ್ತೆಯಲ್ಲಿ ಉಳಿಯುತ್ತದೆ. ಹೆದ್ದಾರಿಯಲ್ಲಿ ಓಡಾಡುವ ತೆಳು ಟೈರಿಗೆ ಇದರ ಕಾಟ ಜಾಸ್ತಿ. ತಂತಿ ತೆಗೆದು ಅವರ ಅಂಗೈಗೆ ಹಾಕಿದೆ. "ಇಷ್ಟೇ ಇಷ್ಟಾ!" ಅಂದರು. ಆಮೇಲೆ ನಾನು ಗಾಳಿ ಹೊಡೆಯುವವರೆಗೂ ಸೈಕಲ್ ಹಿಡಿದುಕೊಂಡು ನಿಂತರು.

ಅಗ್ಗದ್ದು ಅಂತ ಮೂಗು ಮುರಿಯುವವರಿಗೂ ಒಂದು ಮಾತು. ಹಿಂದೆ 7 ಹಲ್ಲುಚಕ್ರದ ಫ್ರೀವೀಲ್, ರಿಮ್ ಹಿಡಿಯುವ ಬ್ರೇಕ್, ಹೊರಗೇ ಕಾಣುವ ಕೇಬಲ್. ಎಲ್ಲೇನು ಕೆಟ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ. ಅಲೆನ್ ಕೀ, ಸ್ಪ್ಯಾನರ್, ಚೈನ್ ಬಿಚ್ಚುವ ಉಪಕರಣ, ಟೈರ್ ಲಿವರ್, ಒಂದು ಪಂಪ್ ಇದ್ದರೆ ಹೆಚ್ಚಿನ ಕೆಲಸ ಮನೆ ಜಗಲಿಯಲ್ಲೇ ಆಗುತ್ತದೆ. ಬಿಡಿಭಾಗದ ಬೆಲೆಯೂ ಕಮ್ಮಿ.

ಇನ್ನು, ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುವ ಪ್ರಶ್ನೆ ಬೇರೆ ಇದೆ. ಸವಾರಿ ಮುಗಿಸಿ ಮನೆಗೆ ಬಂದ ಮೇಲೆ ಏನು ಮಾಡ್ತೀರಿ?

ಕೇಳಿದ್ದೀರಿ ಅಂತಲೇ ಇಟ್ಟುಕೊಳ್ಳುತ್ತೇನೆ. ಮೊದಲು ಸಿಹಿನೀರು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆ ಇಲ್ಲದ ದಿನವೂ ಇಲ್ಲಿ ತುಕ್ಕು ಹಿಡಿಯುತ್ತದೆ. ಚೊಂಬಿನಲ್ಲಿ ನೀರು ಸುರಿದರೆ ಸಾಕು. ಕಾರು ತೊಳೆಯುವ ಪ್ರೆಶರ್ ಪೈಪ್ ಬೇಡವೇ ಬೇಡ. ಆ ರಭಸಕ್ಕೆ ನೀರು ಬೇರಿಂಗಿನೊಳಗೆ ನುಗ್ಗಿ ಗ್ರೀಸನ್ನೇ ತೊಳೆದುಬಿಡುತ್ತದೆ. ಆಮೇಲೆ ಹಳೇ ಪಂಚೆಯಿಂದ ಒರೆಸಿ, ಚೈನ್ ಪೂರ್ತಿ ಒಣಗಿಸಬೇಕು.

ಒಣಗಿದ ಮೇಲೆ ಚೈನಿನ ಒಂದೊಂದು ರೋಲರಿಗೆ, ಅಂದರೆ ಕೊಂಡಿಯ ನಡುವೆ ಉರುಳುವ ಸಣ್ಣ ಉರುಳೆಗೆ, ಒಂದೊಂದು ಹನಿ ಚೈನ್ ಎಣ್ಣೆ. ಪೆಡಲ್ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಬೇಕು. ಎಣ್ಣೆ ಬೇಕಾದದ್ದು ಒಳಗೆ. ಹೊರಗೆ ಉಳಿದರೆ ಕೆಂಪು ಮಣ್ಣು ಅಂಟಿಕೊಂಡು ಚೈನನ್ನೇ ತೇಯುತ್ತದೆ. ಕೊಬ್ಬರಿ ಎಣ್ಣೆ ಹಾಕಿ ಅಂತ ಹೇಳುವ ಹಿರಿಯರಿದ್ದಾರೆ. ದಯವಿಟ್ಟು ಹಾಕಬೇಡಿ. ಸುಮಾರು 24 ಡಿಗ್ರಿಗೆ ಅದು ಗಟ್ಟಿಯಾಗುತ್ತದೆ. ಶಿರಸಿಯ ಚಳಿಗಾಲದ ಬೆಳಗಿಗೆ ಚೈನ್ ಮೇಲೆ ಬೆಣ್ಣೆ ಮೆತ್ತಿದಂತಿರುತ್ತದೆ.

ಆಗಾಗ ಉಕ್ಕಿನ ಸ್ಕೇಲ್ ಹಿಡಿದು ಚೈನ್ ಅಳೆಯಿರಿ. ಹೊಸತರಲ್ಲಿ 24 ಕೊಂಡಿ ಸೇರಿ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚು ಬಂತೋ, ಚೈನ್ ಬದಲಿಸಿ. ಎಂಟನೇ ಒಂದು ಭಾಗ ಆಗುವವರೆಗೆ ಓಡಿಸಿದರೆ ಫ್ರೀವೀಲಿಗೂ ದುಡ್ಡು ತೆರಬೇಕಾಗುತ್ತದೆ.

ಮಳೆಯಲ್ಲಿ ಘಟ್ಟ ಇಳಿದು ಬಂದಿದ್ದರೆ ಬ್ರೇಕ್ ರಬ್ಬರ್ ನೋಡಿ. ಮರಳು, ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡಿರುತ್ತದೆ. ಪಿನ್ನಿನಿಂದ ಕಿತ್ತು ತೆಗೆಯದಿದ್ದರೆ ಮುಂದಿನ ಇಳಿಜಾರಿನಲ್ಲಿ ರಿಮ್ ಕೆರೆದುಹೋಗುತ್ತದೆ. ಸೀಟ್ ಪೈಪನ್ನೂ ಮರೆಯಬೇಡಿ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೈಪ್ ಇದ್ದು ಉಪ್ಪುನೀರು ಸೇರಿದರೆ ಎರಡೂ ಕಚ್ಚಿಕೊಂಡುಬಿಡುತ್ತವೆ. ಆಗಾಗ ಹೊರತೆಗೆದು ಗ್ರೀಸ್ ಹಚ್ಚಿ ಹಾಕಿ.

ಮೊನ್ನೆ ಶಿರಸಿಯಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. "ಮಾವಾ, ಗೇರ್ ದೊಡ್ಡ ಚಕ್ರಕ್ಕೆ ಹತ್ತೋದೇ ಇಲ್ಲ, ಕಟಕಟ ಅನ್ನುತ್ತೆ. ಎಂತ ಮಾಡ್ಲಿ?" ಎಷ್ಟು ಖುಷಿಯಾಯಿತು! ಹೊಸ ಸೈಕಲ್ಲಿನ ಕೇಬಲ್ ಸ್ವಲ್ಪ ದಿನಕ್ಕೆ ಸಡಿಲವಾಗುತ್ತದೆ. ಹಿಂದಿನ ಗೇರಿಗೆ ಕೇಬಲ್ ಸೇರುವಲ್ಲಿ ಕೈಯಲ್ಲೇ ತಿರುಗಿಸುವ ಸ್ಕ್ರೂ ಇದೆ. ಸೈಕಲ್ಲಿನ ಹಿಂದೆ ನಿಂತು ಅದನ್ನು ಎಡಕ್ಕೆ ತಿರುಗಿಸು, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಪ್ರತಿ ಸಲವೂ ಪೆಡಲ್ ತುಳಿದು ನೋಡು ಅಂದೆ. ಫೋನ್ ನೆಲದ ಮೇಲಿಟ್ಟು ತಿರುಗಿಸತೊಡಗಿದಳು. ಎರಡನೇ ಸಲಕ್ಕೆ ಕಟಕಟ ನಿಂತಿತು.