ಈಜು, ಸೈಕಲ್, ಹುರುಳಿ, ಓಟ

ನೀರಿಗೆ ಇಳಿದು ನೂರು ಮೀಟರ್ ಕೂಡ ಆಗಿರಲಿಲ್ಲ. ಯಾರದೋ ಹಿಮ್ಮಡಿ ನನ್ನ ಗಾಗಲ್ಸ್‌ಗೆ ಬಡಿಯಿತು. ಎಡಗಣ್ಣಿನೊಳಗೆ ಕೆರೆ ನೀರು ನುಗ್ಗಿತು. ತಲೆ ಒಳಗಿಟ್ಟರೆ ಏನೂ ಕಾಣದು, ಬರೀ ಹಸಿರು ಕತ್ತಲೆ. ಈಜುಕೊಳದಲ್ಲಾದರೆ ತಳದಲ್ಲಿ ಕಪ್ಪು ಗೆರೆ ಇರುತ್ತೆ, ಅದನ್ನೇ ನೋಡಿಕೊಂಡು ಹೋದರಾಯಿತು. ಇಲ್ಲಿ ಗೆರೆಯೂ ಇಲ್ಲ, ಸುಸ್ತಾದರೆ ಹಿಡಿದುಕೊಳ್ಳೋಕೆ ಗೋಡೆಯೂ ಇಲ್ಲ. ಎದೆ ಬಿಗಿಯಿತು. ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ನಲವತ್ತೆರಡನೇ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಅನ್ನಿಸಿತು.

ಬೇಕು ಅಂದಿದ್ದು ನಾನೇ. ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ವರ್ಷಗಟ್ಟಲೆ ವಾಕಿಂಗ್ ಮಾಡುತ್ತಿದ್ದವಳು ಮೆಲ್ಲಗೆ ಓಡೋಕೆ ಶುರು ಮಾಡಿದ್ದೆ. ಬ್ಯಾಂಕಿನ ಸಹೋದ್ಯೋಗಿಯೊಬ್ಬರು 'ಟ್ರಯಾಥ್ಲಾನ್ ಮಾಡೋಣ ಬನ್ನಿ ಮೇಡಂ' ಅಂತ ಹತ್ತಿಸಿದರು. (ಆಮೇಲೆ ಅವರು ಮಂಡಿ ನೋವು ಅಂತ ಜಾರಿಕೊಂಡರು, ಅದು ಬೇರೆ ಕಥೆ.) ಟ್ರಯಾಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡೋ ಸ್ಪರ್ಧೆ. ಅದರಲ್ಲಿ ಐರನ್‌ಮ್ಯಾನ್ ಅನ್ನೋ ಉದ್ದದ ಬಗೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ 42.2 ಕಿ.ಮೀ. ಓಟ. ಅದು ನಮ್ಮಂಥವರಿಗಲ್ಲ. ನಾನು ಹೆಸರು ಕೊಟ್ಟಿದ್ದು ವರುಣಾ ಕೆರೆಯಲ್ಲಿ ನಡೆಯೋ ಸ್ಪ್ರಿಂಟ್ ಅನ್ನೋ ಚಿಕ್ಕ ಬಗೆಗೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಮೊದಲ ಸಲ ಬಂದ ಟ್ರಯಾಥ್ಲಾನ್ ಇದರ ಸರಿಯಾಗಿ ಎರಡರಷ್ಟು. ಅಂದಮೇಲೆ ನನ್ನದು ಅರ್ಧ ಒಲಿಂಪಿಕ್ಸ್ ಅಂತ ಮನೆಯಲ್ಲಿ ಹೇಳಿಕೊಂಡು ತಿರುಗಿದ್ದೆ.

1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇ ಅನ್ನೋ ಕಡೆ ಟ್ರಯಾಥ್ಲಾನ್ ಶುರು ಮಾಡಿದಾಗ ಓಟ ಮೊದಲಿತ್ತು, ಈಜು ಆಮೇಲೆ. ದಣಿದ ಕೈಕಾಲಲ್ಲಿ ನೀರಿಗೆ ಇಳಿಯೋದು ಅಪಾಯ ಅಲ್ವಾ, ಈಗ ಈಜೇ ಮೊದಲು. ನನಗಾದರೆ ದಣಿಯದೇನೇ ಈ ಗತಿ.

ಕಯಾಕ್ ಅನ್ನೋ ಪುಟ್ಟ ದೋಣಿಯಲ್ಲಿದ್ದ ಹುಡುಗ ಪಕ್ಕಕ್ಕೆ ಬಂದ. 'ಹತ್ತುತ್ತೀರಾ ಮೇಡಂ?' ಹತ್ತಿದರೆ ಅಲ್ಲಿಗೆ ಮುಗಿಯಿತು. ಸುಮ್ಮನೆ ಹಿಡಿದುಕೊಂಡು ಸುಧಾರಿಸಿಕೊಂಡರೆ ತಪ್ಪಿಲ್ಲ, ಅದು ಮುಂದೆ ಎಳೆದುಕೊಂಡು ಹೋಗಬಾರದು ಅಷ್ಟೆ. ಹಿಡಿದುಕೊಂಡೆ. ಬಾಯಿಂದ ಉಸಿರು ಬಿಟ್ಟೆ. ಮತ್ತೆ ಬಿಟ್ಟೆ.

ಆಮೇಲೆ ಕೈಬಿಟ್ಟಾಗ ನನ್ನ ತಲೆ ತಾನಾಗೇ ಮೇಲೆ ಬಂತು. ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ನಾನು ಈಜು ಕಲಿತಿದ್ದು ದೊಡ್ಡಪ್ಪನ ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ಮೆಟ್ಟಿಲ ಮೇಲಿಂದ ತಳ್ಳುತ್ತಿದ್ದರು. ಅದೇ ಕೋಚಿಂಗ್. ಅಲ್ಲಿ ಯಾರೂ ಮುಖ ಮುಳುಗಿಸಿ ಈಜುತ್ತಿರಲಿಲ್ಲ. ತಲೆ ಮೇಲೆ, ಕೈ ನೀರೊಳಗೆ, ನಾಯಿ ಈಜಿದ ಹಾಗೆ. ಮಹಿಳೆಯರ ಬ್ಯಾಚ್‌ನ ಕೋಚ್ 'ತಲೆ ಒಳಗೆ ಮೇಡಂ, ತಲೆ ಒಳಗೆ' ಅಂತ ಮೂರು ತಿಂಗಳು ಗಂಟಲು ಹರಿದುಕೊಂಡು ಆ ಚಟ ಬಿಡಿಸಿದ್ದರು. ವರುಣಾ ಕೆರೆಯ ನಡುವೆ ಮೂರು ತಿಂಗಳ ಫೀಸು ಮೂರೇ ನಿಮಿಷದಲ್ಲಿ ನೀರುಪಾಲಾಯಿತು. ಆದರೆ ತಲೆ ಮೇಲಿದ್ದಿದ್ದಕ್ಕೆ ದಾರಿ ತೋರಿಸೋಕೆ ತೇಲಿಬಿಟ್ಟ ಕಿತ್ತಳೆ ಬಣ್ಣದ ಬೋಯ್ ಕಾಣುತ್ತಿತ್ತು. ಚೆನ್ನಾಗಿ ಈಜುವ ಇಬ್ಬರು ದಿಕ್ಕು ತಪ್ಪಿ ಎಲ್ಲೋ ಹೋಗುತ್ತಿದ್ದರು. ನಾನು ನಿಧಾನಕ್ಕೆ, ನೆಟ್ಟಗೆ ಹೋದೆ. 29 ನಿಮಿಷ.

ಈಜು, ಸೈಕಲ್, ಓಟ ಮೂರನ್ನೂ ಅಭ್ಯಾಸ ಮಾಡಿದ್ದೆ. ಒದ್ದೆ ಕಾಲಿಗೆ ಸಾಕ್ಸ್ ಹಾಕೋದು ಅಭ್ಯಾಸ ಮಾಡಿರಲಿಲ್ಲ. ಟ್ರಾನ್ಸಿಷನ್ ಅಂತಾರೆ, ಬಟ್ಟೆ ಶೂ ಬದಲಾಯಿಸೋ ಜಾಗ. ಅಲ್ಲೂ ಗಡಿಯಾರ ಓಡುತ್ತಲೇ ಇರುತ್ತೆ. ಹೆಲ್ಮೆಟ್ ಪಟ್ಟಿ ಬಿಗಿಯದೆ ಸೈಕಲ್ ಮುಟ್ಟುವಂತಿಲ್ಲ. ಗೆರೆ ದಾಟುವ ತನಕ ಹತ್ತುವಂತಿಲ್ಲ. ಏಳು ನಿಮಿಷ ಅಲ್ಲೇ ಹೋಯಿತು. ಮದುವೆ ಮನೆಗೆ ಹೊರಟ ಹಾಗೆ.

ಸೈಕಲ್ ದಾರಿ ಮೊದಲು ಚೆನ್ನಾಗಿತ್ತು. ಎರಡೂ ಕಡೆ ಗದ್ದೆ, ಹಿಂದಿನಿಂದ ಗಾಳಿ. ಏಳನೇ ಕಿ.ಮೀ.ಗೆ ಒಳರಸ್ತೆಗೆ ತಿರುಗಿದರೆ ರಸ್ತೆ ತುಂಬ ಹುರುಳಿ! ಒಕ್ಕಣೆಗೆ ಹರಡಿದ್ದಾರೆ, ಬಸ್ಸು ಟ್ರ್ಯಾಕ್ಟರ್ ಹಾಯ್ದು ಕಾಳು ಉದುರಲಿ ಅಂತ. ಮುಂದಿನವರು ಹೇಗೋ ಅಂಚಿನಲ್ಲಿ ಹೋದರು. ನನಗೆ ಬ್ರೇಕ್ ಹಿಡಿಯೋಕೂ ಭಯ, ಹಿಡಿದರೆ ಜಾರುತ್ತೆ. ನಡುವೆ ನುಗ್ಗಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಒಣ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು ಪೆಡಲ್ ನಿಂತೇ ಹೋಯಿತು. ಇಳಿದು ಕೂತು ಬಿಡಿಸತೊಡಗಿದೆ. ಮರದ ಕೆಳಗಿದ್ದ ಅಜ್ಜಿ ಎದ್ದು ಬಂದರು.

'ಎಲ್ಲಿಗವ್ವ ಓಯ್ತಿದ್ದೀಯೆ, ಇಂಗೆ ಬಿದ್ದೂ ಎದ್ದೂ?'

'ಎಲ್ಲಿಗೂ ಇಲ್ಲ ಅಜ್ಜಿ. ಮುಂದೆ ಹೋಗಿ ವಾಪಸ್ ಬರೋದು.'

'ಸುಮ್ಕೆನಾ?'

'ಹೂಂ.'

'ಕಾಸು ಕೊಟ್ಟಾರಾ?'

'ಇಲ್ಲ, ನಾವೇ ಕಟ್ಟಿದ್ದೀವಿ.'

ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿದರು. ಮತ್ತೇನೂ ಕೇಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಬಳ್ಳಿಯ ತುದಿ ಹುಡುಕಿ ಒಂದೇ ಸಲ ಸರ್ರಂತ ಎಳೆದರು. ನಾನು ಐದು ನಿಮಿಷ ಗುದ್ದಾಡಿದ್ದು ಬಿಟ್ಟುಕೊಂಡಿತು. ಹೊರಗಿನವರ ಸಹಾಯ ಪಡೆಯಬಾರದು ಅಂತ ಬೆಳಿಗ್ಗೆಯೇ ನಿಯಮ ಹೇಳಿದ್ದರು. ಆದರೆ ಅಜ್ಜಿಗೆ ನಿಯಮ ಹೇಳೋ ಧೈರ್ಯ ನನಗಿರಲಿಲ್ಲ. ಅವರ ಹುರುಳಿ ಮೇಲೆ ಸೈಕಲ್ ಹತ್ತಿಸಿದವಳು ನಾನು. ಬರುವಾಗ ಇಳಿದು, ಸೈಕಲ್ ಹೊತ್ತುಕೊಂಡು ದಾಟಿದೆ. ಅಜ್ಜಿ ನಕ್ಕರು.

ಓಟದ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಸೈಕಲ್ ಇಳಿದ ತಕ್ಷಣ ಓಡುವ ಅಭ್ಯಾಸಕ್ಕೆ ಬ್ರಿಕ್ ಅಂತಾರೆ. ನಾನು ಎರಡೇ ಸಲ ಮಾಡಿದ್ದೆ. ಇಷ್ಟು ಹೊತ್ತು ಸುತ್ತು ತುಳಿದ ಕಾಲಿಗೆ ನೆಲ ಒದೆಯೋದು ಮರೆತೇ ಹೋಗಿರುತ್ತೆ. ಮೊದಲ ಕಿ.ಮೀ. ಇಟ್ಟಿಗೆ ಕಟ್ಟಿಕೊಂಡು ಓಡಿದ ಹಾಗಿತ್ತು. ಕೊನೆಯ ಎರಡು ಕಿ.ಮೀ. ಓಡಿದ್ದಕ್ಕಿಂತ ನಡೆದಿದ್ದೇ ಹೆಚ್ಚು. ನಾನು ಮುಟ್ಟಿದಾಗ ಶಾಮಿಯಾನದ ಒಂದು ಕಡೆ ಬಿಚ್ಚಿದ್ದರು, ಬಾಳೆಹಣ್ಣು ಖಾಲಿ. 2 ಗಂಟೆ 18 ನಿಮಿಷ. ಪದಕ ಹಾಕಿದ ಹುಡುಗಿ 'ಕಂಗ್ರಾಟ್ಸ್ ಆಂಟಿ' ಅಂದಳು. ಆಂಟಿ ಅಂದಿದ್ದಕ್ಕೆ ಬೇಜಾರು ಮಾಡಿಕೊಳ್ಳೋಕೂ ಶಕ್ತಿ ಇರಲಿಲ್ಲ.

ಅಲ್ಲೇ ಕೂತು ಊರಿಗೆ ಫೋನ್ ಮಾಡಿದೆ.

'ಗೆದ್ಯಾ?' ಅಂದಳು ಅಮ್ಮ.

'ಇಲ್ಲಮ್ಮ. ಹಿಂದಿನಿಂದ ಮೂರನೆಯವಳು.'

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: 'ಪಾಪ, ಇನ್ನಿಬ್ರೂ ಬಂದು ಸೇರಿದ್ರಾ?'

ತಿರುಗಿ ಕೆರೆ ಏರಿ ಕಡೆ ನೋಡಿದೆ. ಒಬ್ಬರು ಬರುತ್ತಿದ್ದರು.